ಚಿಕ್ಕಪ್ಪನ ಮೊಣಕೈ ಮತ್ತು ಕೊನೆಯ ‘ಎಸ್’

ಮೂಡಿಗೆರೆ ಬಳಿಯ ತೋಟದಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ ನಮ್ಮ ಚಿಕ್ಕಪ್ಪನವರ ಎಡ ಮೊಣಕೈಯ ತುದಿಮೂಳೆ ಮುರಿದಿತ್ತು. ಮೂಳೆ ಕೂಡಿಕೊಂಡು ತಿಂಗಳುಗಳೇ ಕಳೆದಿದ್ದರೂ ಕೈ ಇನ್ನೂ ಪೂರ್ತಿ ಚಾಚುವುದಿಲ್ಲ. ಚಿಕ್ಕಮಗಳೂರಿನ ಮನೆಯಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಗೆ ಕೋಡ್ (ಪ್ರತಿ ಕಾಯಿಲೆ, ಗಾಯಕ್ಕೂ ಇರುವ ಗುರುತಿನ ಸಂಖ್ಯೆ) ಹಾಕುವ ನನ್ನನ್ನು ಅವರು ಮೊನ್ನೆ, “ನನ್ನ ಕೈಗೆ ಏನು ನಂಬರ್ ಹಾಕ್ತೀಯ ಮಗಾ?” ಎಂದು ಕೇಳಿದರು.

ಹೊಸದರಲ್ಲಿ ನಾನು ಎಡವಿದ್ದೂ ಇಂಥ ದಾಖಲೆಗಳಲ್ಲಿಯೇ. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಬಳಕೆಯಲ್ಲಿರುವ ಐಸಿಡಿ-10-ಸಿಎಂ ಎಂಬ ಕೋಡ್ ಪದ್ಧತಿಯಲ್ಲಿ ಇಂತಹ ಮುರಿತದ ಕೋಡಿಗೆ ಏಳನೆಯ ಅಕ್ಷರ ಕಡ್ಡಾಯ: ಮುಚ್ಚಿದ (ಚರ್ಮ ಸೀಳದ) ಮುರಿತಕ್ಕೆ ಸಕ್ರಿಯ ಚಿಕಿತ್ಸೆ ನಡೆಯುವಾಗ ‘ಎ’, ಮೂಳೆ ಸಹಜವಾಗಿ ಕೂಡುತ್ತಿರುವ ಅವಧಿಯ ಭೇಟಿಗಳಿಗೆ ‘ಡಿ’, ಮುರಿತದ ಘಟ್ಟ ಮುಗಿದ ಮೇಲೂ ಉಳಿದ ತೊಂದರೆಗೆ ‘ಎಸ್’. ‘ಎಸ್’ ಹಾಕಲು ಕಾಲಮಿತಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10ರಲ್ಲಿ ತೋಳಿನ ಮುರಿತದ ಉಳಿಕೆ ಪರಿಣಾಮಗಳಿಗೆ ಟಿ92.1 ಎಂಬ ಪ್ರತ್ಯೇಕ ಕೋಡೇ ಇದೆ. ಅಮೆರಿಕದ ಪದ್ಧತಿಯಲ್ಲಿ ಮೂಳೆ ಕೂಡದೇ ಉಳಿದರೆ ಮಾತ್ರ ‘ಎಸ್’ ಅಲ್ಲ, ‘ಕೆ’. ಓರೆಯಾಗಿ ಕೂಡಿದರೆ ‘ಪಿ’.

ಚಿಕ್ಕಪ್ಪನವರ ಕೈಯನ್ನು ಈ ಪದ್ಧತಿಗೆ ತಂದರೆ, ಇಂದು ಕಾಡುತ್ತಿರುವ ಬಿಗಿತವನ್ನು ಮೊದಲು ಎಂ25.622 ಎಂದು ಬರೆದು, ಅದರ ಕೆಳಗೆ ಕಾರಣವಾದ ಹಳೆಯ ಮುರಿತವನ್ನು ಎಸ್52.022ಎಸ್ ಎಂದು ಬರೆಯಬೇಕು. ಮುರಿತವನ್ನೇ ಮೇಲಿಟ್ಟರೆ ಕ್ರಮ ತಪ್ಪುತ್ತದೆ. ಮುರಿತ ಕೀಲಿನ ಒಳಗೂ ಹಾದಿದ್ದರೆ, ಅಥವಾ ಚೂರುಗಳು ಸ್ಥಾನ ಬಿಟ್ಟು ಸರಿದಿರದಿದ್ದರೆ ಈ ಎರಡನೆಯ ಸಂಖ್ಯೆ ಬದಲಾಗುತ್ತದೆ. ಎಕ್ಸ್‌-ರೇ ವರದಿ ನೋಡದೆ ಅದನ್ನು ಹಾಕಬಾರದು. ಏಣಿಯಿಂದ ಬಿದ್ದದ್ದಕ್ಕೂ ಡಬ್ಲ್ಯೂ11 ಎಂಬ ಕೋಡಿದೆ, ನಡುವಿನ ಮೂರು ಖಾಲಿ ಜಾಗಗಳಿಗೆ ಎಕ್ಸ್ ತುಂಬಿ ಅದರ ಕೊನೆಗೂ ‘ಎಸ್’ ಸೇರಿಸುತ್ತೇವೆ. (ಇದನ್ನು ಕೇಳಿ ಚಿಕ್ಕಪ್ಪ ಬಹಳ ನಕ್ಕರು.)

ನಿಜವಾದ ಕಷ್ಟವಿರುವುದು ವೈದ್ಯರ ಬರಹದಲ್ಲಿ. ‘ಬಿಗಿತ’ ಎಂದಿದ್ದರೆ ಎಂ25.6, ‘ಸಂಕೋಚನ’ (ಕಾಂಟ್ರ್ಯಾಕ್ಚರ್) ಎಂದಿದ್ದರೆ ಎಂ24.5. ದಿನನಿತ್ಯದ ಹೆಚ್ಚಿನ ಕೆಲಸಗಳಿಗೆ ಮೊಣಕೈ 30ರಿಂದ 130 ಡಿಗ್ರಿಯವರೆಗೆ ಆಡಿದರೆ ಸಾಕೆನ್ನುತ್ತಾರೆ, ಆದರೆ ಟಿಪ್ಪಣಿಯಲ್ಲಿ ಬರೀ ಡಿಗ್ರಿ ಬರೆದಿದ್ದರೆ ಅದರಿಂದ ರೋಗನಿರ್ಣಯವನ್ನು ಊಹಿಸುವ ಅಧಿಕಾರ ಕೋಡರ್‌ಗಿಲ್ಲ; ವೈದ್ಯರನ್ನೇ ಕೇಳಬೇಕು.

ಮಾತಿನ ನಡುವೆ ಚಿಕ್ಕಪ್ಪ, ಕಿರುಬೆರಳು ಆಗಾಗ ಜೋಮು ಹಿಡಿಯುತ್ತದೆ ಎಂದರು. ಮೊಣಕೈ ಹಿಂದೆ ಹಾಯುವ ಅಲ್ನರ್ ನರಕ್ಕೆ ತೊಂದರೆಯಾದರೆ ಹೀಗಾಗಬಹುದು, ಅದಕ್ಕೂ ಜಿ56.22 ಎಂಬ ಕೋಡಿದೆ. ಅವರ ಕಡತದಲ್ಲಿ ಈ ವಿಷಯ ಎಲ್ಲಿಯೂ ಇರಲಿಲ್ಲ. ಡಾಕ್ಟರಿಗೆ ಹೇಳಿದ್ದೀರಾ ಎಂದು ಕೇಳಿದರೆ, “ಅದೇನು ದೊಡ್ಡದು ಅಂತ ಬಿಟ್ಟೆ” ಎಂದರು. ಸೋಮವಾರ ಕರೆದುಕೊಂಡು ಹೋಗುತ್ತಿದ್ದೇನೆ.