ಗಿಸಾಲ್ಲೊ ಬೆಟ್ಟದಲ್ಲಿ ಸೈಕಲ್ ಸವಾರರ ಮರಿಯಮ್ಮ

ಇಟಲಿಯ ಕೋಮೊ ಸರೋವರ ನೋಡಲು ಹೋದವರು ಬೆಲ್ಲಾಜಿಯೊದಲ್ಲಿ ದೋಣಿ ಇಳಿದು, ದಂಡೆಯಲ್ಲಿ ಅಡ್ಡಾಡಿ, ಫೋಟೊ ತೆಗೆದುಕೊಂಡು ಮರಳುವುದೇ ಹೆಚ್ಚು. ನಾನು ಅಲ್ಲಿಂದ ಬೆಟ್ಟದ ಬಸ್ಸು ಹತ್ತಿದೆ. ಮಗ್ರೇಲ್ಯೊ ಎಂಬ ಹಳ್ಳಿಯವರೆಗೆ ಸುಮಾರು 550 ಮೀಟರ್ ಏರಬೇಕು. ಕೆಲವು ಕಡೆ ಏರು ಶೇ. 14ರಷ್ಟು ಕಡಿದಾಗಿದೆ. ಕಿಟಕಿಯಾಚೆ ಸೈಕಲ್ ಸವಾರರು ಸೀಟಿನಿಂದೆದ್ದು, ಮೈಭಾರವನ್ನೆಲ್ಲ ಪೆಡಲಿಗೆ ಹಾಕಿ ತುಳಿಯುತ್ತಿದ್ದರು. 1919ರಲ್ಲಿ ಲೊಂಬಾರ್ದಿಯ ಎಂಬ ಇಟಲಿಯ ಹೆಸರಾಂತ ಸೈಕಲ್ ರೇಸಿಗೆ ಸೇರಿದ ಏರು ಇದು.

ತುದಿಯಲ್ಲಿ, 754 ಮೀಟರ್ ಎತ್ತರದಲ್ಲಿ, ಮದೋನ್ನ ದೆಲ್ ಗಿಸಾಲ್ಲೊ ಎಂಬ ಪುಟ್ಟ ಚಾಪೆಲ್. ಈಗಿನ ಕಟ್ಟಡ 1623ರದು. ಗಿಸಾಲ್ಲೊ ಎಂಬ ಕೌಂಟ್ ಕಳ್ಳರ ಕೈಗೆ ಸಿಕ್ಕು, ಇಲ್ಲಿದ್ದ ಯೇಸುವಿನ ತಾಯಿ ಮರಿಯಮ್ಮನ ಚಿತ್ರದ ಬಳಿಗೆ ಓಡಿ ಜೀವ ಉಳಿಸಿಕೊಂಡನಂತೆ. ಅಂದಿನಿಂದ ಆಕೆ ದಾರಿಹೋಕರನ್ನು ಕಾಯುವ ತಾಯಿ.

ಒಳಗೆ ಕಾಲಿಟ್ಟರೆ ಗೋಡೆ ತುಂಬ ಸೈಕಲ್ಲುಗಳು. ಹೆಸರಾಂತ ಸವಾರರಾದ ಕೊಪ್ಪಿಯದು, ಬಾರ್ತಾಲಿಯದು, ಎಡ್ಡಿ ಮರ್ಕ್ಸ್‌ದು. ದೊಡ್ಡ ರೇಸುಗಳಲ್ಲಿ ಮುಂದಿರುವವರು ತೊಡುವ ಹಳದಿ, ಗುಲಾಬಿ ಜೆರ್ಸಿಗಳು ಗಾಜಿನ ಹಿಂದೆ. ನಮ್ಮ ಕಾರ್ಕಳದ ಅತ್ತೂರು ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿ ಹರಕೆ ಒಪ್ಪಿಸುವ ಹಾಗೆ ಇವರು ತಮ್ಮ ಗೆಲುವನ್ನೇ ತಂದು ಒಪ್ಪಿಸಿದ್ದಾರೆ.

ಆದರೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ನಜ್ಜುಗುಜ್ಜಾದ ಒಂದು ಸೈಕಲ್. ಫಾಬಿಯೊ ಕಸಾರ್ತೆಲ್ಲಿಯದು. ಇದೇ ಕೋಮೊದ ಹುಡುಗ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ರಸ್ತೆ ರೇಸಿನಲ್ಲಿ ಚಿನ್ನ ಗೆದ್ದವನು. 1995ರ ಜುಲೈ 18ರಂದು ಟೂರ್ ದ ಫ್ರಾನ್ಸ್‌ನಲ್ಲಿ ಪಿರೆನೀಸ್ ಬೆಟ್ಟದ ಇಳಿಜಾರಿನಲ್ಲಿ ಬಿದ್ದು ತೀರಿಕೊಂಡಾಗ ಅವನಿಗೆ 24 ವರ್ಷ. ತಲೆಗೆ ಹೆಲ್ಮೆಟ್ ಇರಲಿಲ್ಲ. ವೃತ್ತಿಪರ ರೇಸುಗಳಲ್ಲಿ ಅದು ಕಡ್ಡಾಯವಾಗಿದ್ದು 2003ರಲ್ಲಿ. ಬಾಗಿದ ಆ ಲೋಹವನ್ನು ಯಾರೂ ನೆಟ್ಟಗೆ ಮಾಡಿಲ್ಲ, ಬಣ್ಣ ಹಚ್ಚಿಲ್ಲ. ಗೆದ್ದವರ ಸೈಕಲ್ಲುಗಳ ಜೊತೆಗೇ ಇಟ್ಟಿದ್ದಾರೆ. ಕ್ರೀಡಾಂಗಣ ಗೆದ್ದವನನ್ನು ಮಾತ್ರ ನೆನಪಿಡುತ್ತದೆ. ಇಲ್ಲಿ ಬಿದ್ದವನಿಗೂ ಜಾಗವಿದೆ. ತೀರಿಹೋದ ಸವಾರರಿಗಾಗಿ ದೀಪವೊಂದು ಸದಾ ಉರಿಯುತ್ತದೆ.

ಇದೆಲ್ಲದರ ಹಿಂದೆ ಇದ್ದವರು ಇಲ್ಲಿನ ಧರ್ಮಗುರು ಎರ್ಮೆಲಿಂದೊ ವಿಗಾನೊ. ಈ ತಾಯಿ ಸೈಕಲ್ ಸವಾರರ ಪಾಲಕಿಯಾಗಲಿ ಎಂದು ಕೇಳಿಕೊಂಡವರು ಅವರೇ. 1948ರಲ್ಲಿ ಪೋಪ್ 12ನೇ ಪಿಯುಸ್ ಹರಸಿದ ಪಂಜನ್ನು ಸವಾರರು ಸರದಿಯಲ್ಲಿ ಹೊತ್ತು ಈ ಬೆಟ್ಟಕ್ಕೆ ತಂದರು. ಮರುವರ್ಷ ಅಕ್ಟೋಬರ್ 13ರಂದು ಪೋಪ್ ಆಕೆಯನ್ನು ಪಾಲಕಿಯೆಂದು ಘೋಷಿಸಿದರು.

ಹೊರಗೆ ಬಂದರೆ ಜೀನೊ ಬಾರ್ತಾಲಿ, ಫೌಸ್ತೊ ಕೊಪ್ಪಿಯರ ಎದೆಮಟ್ಟದ ಪ್ರತಿಮೆಗಳು. ಬಾರ್ತಾಲಿ ದೈವಭಕ್ತ, ಕಾರ್ಮೆಲ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಭೆಯ ಗೃಹಸ್ಥ ಸದಸ್ಯ. 1938ರಲ್ಲಿ, ಮತ್ತೆ 1948ರಲ್ಲಿ ಟೂರ್ ಗೆದ್ದವನು. ನಡುವೆ ಎರಡನೇ ಮಹಾಯುದ್ಧದ ದಿನಗಳಲ್ಲಿ ಫ್ಲಾರೆನ್ಸ್‌ನ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ ಕೇಳಿಕೊಂಡಾಗ ಒಪ್ಪಿ, ತಾಲೀಮಿನ ನೆಪದಲ್ಲಿ ಅಸ್ಸಿಸಿ ಪಟ್ಟಣದವರೆಗೆ ಸೈಕಲ್ ತುಳಿದ. ಸೈಕಲ್ಲಿನ ಕೊಳವೆಗಳ ಒಳಗೆ ಯಹೂದಿಗಳ ಜೀವ ಉಳಿಸುವ ನಕಲಿ ಗುರುತಿನ ಕಾಗದಗಳು. ಸಿಕ್ಕಿಬಿದ್ದಿದ್ದರೆ ಸಾವೇ. ಬದುಕಿರುವವರೆಗೂ ಅವನು ಇದನ್ನು ಹೇಳಿಕೊಂಡು ತಿರುಗಲಿಲ್ಲ. 2000ದಲ್ಲಿ ತೀರಿಕೊಂಡ, 2013ರಲ್ಲಿ ಯಹೂದಿ ಹತ್ಯಾಕಾಂಡದ ನೆನಪಿಗಾಗಿ ಇರುವ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆಯ ಗೌರವ ಸಂದಿತು. ಭಕ್ತಿಗೂ ಕ್ರೀಡೆಗೂ ಏನು ನಂಟು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ಕೊಪ್ಪಿಯ ದಾರಿ ಬೇರೆ. ಹೆಂಡತಿಯನ್ನು ಬಿಟ್ಟು, ಮದುವೆಯಾಗಿದ್ದ ಇನ್ನೊಬ್ಬ ಮಹಿಳೆಯೊಡನೆ ಬಾಳಿದ್ದಕ್ಕೆ 1950ರ ದಶಕದ ಇಟಲಿ ಅವನನ್ನು ಕೋರ್ಟಿನ ಕಟಕಟೆಗೂ ಎಳೆಯಿತು. ಆದರೂ ಮರಿಯಮ್ಮನ ಅಂಗಳದಲ್ಲಿ ಅವನನ್ನು ದೂರ ಇಟ್ಟಿಲ್ಲ. ಇದು ನನಗೆ ಬಹಳ ಹಿಡಿಸಿತು.

ಪಕ್ಕದಲ್ಲೇ ಫಿಯೊರೆಂತ್ಸೊ ಮಾನ್ಯಿ ಎಂಬ ಹಳೆಯ ಚಾಂಪಿಯನ್‌ನ ಪ್ರಯತ್ನದಿಂದ 2006ರಲ್ಲಿ ತೆರೆದ ಸೈಕ್ಲಿಂಗ್ ಮ್ಯೂಸಿಯಂ ಇದೆ. ಅದನ್ನೂ ನೋಡಿ, ಆದರೆ ಚಾಪೆಲ್ ನೋಡಿದ ಮೇಲೆ. ಕೈಲಾದರೆ ಬೆಲ್ಲಾಜಿಯೊದಿಂದ ಸೈಕಲ್ ತುಳಿದೇ ಬನ್ನಿ.