ಸಂಬಳ ಕೊಟ್ರಿ, ಅಷ್ಟೇ ತಾನೆ?

ಮೊನ್ನೆ ಶುಕ್ರವಾರದಿಂದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಹಲ್ಲಿಗೆ ಸಿಕ್ಕಿಕೊಂಡ ಮಾವಿನ ನಾರಿನ ಹಾಗೆ. ಬೇಡ ಅಂದರೂ ನಾಲಿಗೆ ಅಲ್ಲಿಗೇ ಹೋಗುತ್ತದೆ.

"ಹುಟ್ಟಿದ್ದು ನಮ್ಮಲ್ಲಿ ಕಣ್ರೀ. ನೀವು ಸಂಬಳ ಕೊಟ್ರಿ, ಅಷ್ಟೇ ತಾನೆ?"

ಹೇಳಿದವರು ಅರಸೀಕೆರೆಯ ಒಬ್ಬ ಕೊಬ್ಬರಿ ವ್ಯಾಪಾರಿ. ಹೇಳಿದ್ದು ದೊಡ್ಡಣ್ಣನ ಬಗ್ಗೆ. ಹೌದು, ಸಿನಿಮಾ ದೊಡ್ಡಣ್ಣನೇ. ಹೇಳಿಸಿಕೊಂಡಿದ್ದು ನಾನು, ನನ್ನ ಜೊತೆಗೆ ಇಡೀ ಭದ್ರಾವತಿ.

ಸಂಜೆಯ ಜನಶತಾಬ್ದಿಯಲ್ಲಿ ಊರಿಗೆ ಹೊರಟಿದ್ದೆ. ಎದುರುಬದುರು ಸೀಟು, ಮಧ್ಯೆ ಪುಟ್ಟ ಟೇಬಲ್. ಎದುರಿಗೆ ಯಜಮಾನರು, ಅವರ ಹೆಂಡತಿ, ಆರೇಳು ವರ್ಷದ ಮೊಮ್ಮಗಳು. ಮೊಮ್ಮಗಳ ಕೈಯಲ್ಲಿ ಅಜ್ಜನ ಮೊಬೈಲ್, ಸೌಂಡು ಫುಲ್. ಹಳೇ ಸಿನಿಮಾಗಳ ಕಾಮಿಡಿ ತುಣುಕುಗಳನ್ನು ಇಡೀ ಬೋಗಿಗೆ ಹಂಚುತ್ತಿದ್ದಳು. ತುಮಕೂರು ದಾಟುವವರೆಗೂ ನನಗೆ ಒಳಗೊಳಗೇ ಸಿಟ್ಟು. ಅಜ್ಜ ಆದವರು ಒಂದು ಮಾತು ಹೇಳಬಾರದಾ ಅಂತ. ಅಜ್ಜ ನೋಡಿದರೆ ಕಾಲೆತ್ತಿ ನನ್ನ ಸೀಟಿನ ತುದಿಗೆ ಇಟ್ಟುಕೊಂಡು ಅರ್ಧ ನಿದ್ದೆಯಲ್ಲಿದ್ದರು.

ಅಷ್ಟರಲ್ಲಿ ಮೊಬೈಲಿನಿಂದ ಆ ದನಿ ಬಂತು. ಯಾರ ಮೇಲೋ ಗುಡುಗುತ್ತಿದ್ದರು ದೊಡ್ಡಣ್ಣ. ಮಗು ಕಿಲಕಿಲ ನಕ್ಕಿತು. ನನಗೂ ನಗು ಬಂತು. ನಾನು ನಕ್ಕಿದ್ದನ್ನು ನೋಡಿ ಯಜಮಾನರಿಗೆ ಎಚ್ಚರವಾಯಿತು.

"ಯಾವೂರು ಸಾರ್ ತಮ್ದು?"

"ಭದ್ರಾವತಿ."

"ಓ, ಶಿವಮೊಗ್ಗ ಕಡೆ."

ಇದು ಮೊದಲ ಪೆಟ್ಟು. ಭದ್ರಾವತಿಯಲ್ಲಿ ಬೆಳೆದವರಿಗೆ ಮಾತ್ರ ತಾಗುವ ಪೆಟ್ಟು. ಶಿವಮೊಗ್ಗ ನಮಗೆ ಸುಮಾರು 20 ಕಿಲೋಮೀಟರ್. ಜಿಲ್ಲಾ ಕೇಂದ್ರ ಅನ್ನುವ ಬಿಂಕ ಅವರದು, ಕಾರ್ಖಾನೆ ಇರೋದು ನಮ್ಮಲ್ಲಿ ಅನ್ನುವ ಬಿಂಕ ನಮ್ಮದು. ಒಂದೇ ಒಂದು ಕಡೆ ನಾವು ಗೆದ್ದಿದ್ದೇವೆ. ರೇಡಿಯೋ ಹಾಕಿದರೆ ಶಿವಮೊಗ್ಗದವರೂ 'ಆಕಾಶವಾಣಿ ಭದ್ರಾವತಿ' ಅಂತಲೇ ಕೇಳಬೇಕು. ಆ ಸಣ್ಣ ಸುಖ ನಮಗೆ ಸಾಕಾಗಿತ್ತು.

ಸುಮ್ನೆ ಇರಬಹುದಿತ್ತು. ಇರಲಿಲ್ಲ. ಮೊಬೈಲ್ ಕಡೆ ಕೈ ತೋರಿಸಿ, "ಅವರು ನಮ್ಮೂರೋರೇ" ಅಂದೆ.

ಯಜಮಾನರು ಕಾಲು ಎಳೆದುಕೊಂಡು ನೆಟ್ಟಗೆ ಕೂತರು.

"ಯಾರು, ದೊಡ್ಡಣ್ಣನಾ? ದೊಡ್ಡಣ್ಣ ನಮ್ಮ ಅರಸೀಕೆರೆಯವ್ರು!"

"ಇಲ್ಲ ಸಾರ್, ನಮ್ಮ ಕಾರ್ಖಾನೇಲಿ ಕೆಲಸದಲ್ಲಿದ್ರು. ಆಮೇಲೆ ಸಿನಿಮಾಕ್ಕೆ ಹೋಗಿದ್ದು."

"ಇರಬಹುದು. ಹುಟ್ಟಿದ್ದು ನಮ್ಮಲ್ಲಿ ಕಣ್ರೀ. ನೀವು ಸಂಬಳ ಕೊಟ್ರಿ, ಅಷ್ಟೇ ತಾನೆ?"

ಅವರ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆ ಕಡೆ ಸಾಲಿನ ಹುಡುಗನೊಬ್ಬ ಮೊಬೈಲಿನಿಂದ ತಲೆ ಎತ್ತಿ ನಕ್ಕ. ಅವನಿಗೂ ಇದಕ್ಕೂ ಏನು ಸಂಬಂಧವೋ.

ಅವರು ಹೇಳಿದ್ದು ಸುಳ್ಳಲ್ಲ. ದೊಡ್ಡಣ್ಣ ಹುಟ್ಟಿದ್ದು ಅರಸೀಕೆರೆಯಲ್ಲೇ. ನನಗೂ ಗೊತ್ತಿತ್ತು. ಭದ್ರಾವತಿಯಲ್ಲಿ ಬಹಳ ಜನಕ್ಕೆ ಗೊತ್ತು, ಲೆಕ್ಕಕ್ಕೆ ಹಿಡಿಯುವುದಿಲ್ಲ ಅಷ್ಟೇ. ನಮ್ಮ ಕಡೆ ದೊಡ್ಡಣ್ಣನ ಜೊತೆ ಕೆಲಸ ಮಾಡಿದ್ದೆ ಅನ್ನುವವರನ್ನೆಲ್ಲ ಒಂದು ಕಡೆ ಸೇರಿಸಿದರೆ ಒಂದು ಡಿಪಾರ್ಟ್‌ಮೆಂಟ್ ಸಾಲದು, ಇನ್ನೊಂದು ಕಾರ್ಖಾನೆಯೇ ಕಟ್ಟಬೇಕು. ಒಂದೇ ಬೆಂಚಿನಲ್ಲಿ ಊಟ ಮಾಡಿದವರು, ಬೀಡಿಗೆ ಬೆಂಕಿ ಕೊಟ್ಟವರು, 'ನೀನು ಸಿನಿಮಾಕ್ಕೆ ಹೋಗು ಮಾರಾಯ' ಅಂತ ಮೊದಲು ಹೇಳಿದವರು. ಮೊದಲು ಹೇಳಿದವರೇ ಒಂದು ಇಪ್ಪತ್ತು ಜನ ಸಿಗುತ್ತಾರೆ.

ಸೋತೆ ಅಂತ ಒಪ್ಪಿಕೊಳ್ಳುವ ಬುದ್ಧಿ ನನಗೆ ಬರಲಿಲ್ಲ. ಅಂಗಡಿಯವನು ಬಿಲ್ಲು ಓದುವ ಹಾಗೆ ಪಟ್ಟಿ ತೆಗೆದೆ. ಎಸ್. ನಾರಾಯಣ್ ಭದ್ರಾವತಿಯವರು ಸಾರ್. 1999ರ ಸೂರ್ಯವಂಶ, 2007ರ ಚೆಲುವಿನ ಚಿತ್ತಾರ. ಅಣ್ಣಾವ್ರು ನಾಯಕರಾಗಿ ನಟಿಸಿದ ಕೊನೇ ಸಿನಿಮಾ ಶಬ್ದವೇಧಿ, 2000ದಲ್ಲಿ ಬಂದಿದ್ದು, ಅದರ ಡೈರೆಕ್ಟರ್ ನಮ್ಮೂರ ಹುಡುಗ.

"ಅವರು ಬೆಂಗಳೂರೋರಲ್ವಾ?" ಅಂದರು ಯಜಮಾನರು.

ಆಶಾ ಭಟ್ ಅಂತ ಇದ್ದಾರೆ ಸಾರ್. 2014ರಲ್ಲಿ ಪೋಲೆಂಡಿನಲ್ಲಿ ಮಿಸ್ ಸುಪ್ರಾನ್ಯಾಷನಲ್ ಗೆದ್ದರು, ಭಾರತಕ್ಕೆ ಆ ಕಿರೀಟ ತಂದವರಲ್ಲಿ ಅವರೇ ಮೊದಲು. ರಾಬರ್ಟ್ ಸಿನಿಮಾದಲ್ಲಿ ದರ್ಶನ್ ಎದುರು ಮಾಡಿದ್ದಾರೆ.

"ಶಿವಮೊಗ್ಗದ ಹುಡುಗಿ ಅಲ್ವಾ ಅದು?" ಅಂದರು ಅವರ ಹೆಂಡತಿ. ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನನ್ನ ಹೊಟ್ಟೆ ಉರಿಯಿತು.

ಕೊನೆಗೆ, ಸಿನಿಮಾ ಅಲ್ಲದಿದ್ದರೂ ಇರಲಿ ಅಂತ, ಜಿ.ಆರ್. ವಿಶ್ವನಾಥ್ ಹೆಸರೂ ತಂದೆ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಮೊದಲ ಟೆಸ್ಟು, ಮೊದಲ ಇನಿಂಗ್ಸಲ್ಲಿ ಸೊನ್ನೆ, ಎರಡನೇದರಲ್ಲಿ 137. ಇದಕ್ಕೆ ಮಾತ್ರ ಯಜಮಾನರು ತಲೆದೂಗಿದರು. "ಗುಂಡಪ್ಪ! ಏನ್ ಸ್ಕ್ವೇರ್ ಕಟ್ ಅಂತೀರಾ." ಆದರೆ ಊರಿನ ಮಾತಿಗೆ ಏನೂ ಹೇಳಲಿಲ್ಲ. ಸ್ಕ್ವೇರ್ ಕಟ್‌ಗೆ ಊರು ಇರುವುದಿಲ್ಲವೇನೋ.

ಅರಸೀಕೆರೆ ಬಂತು. ಸೀಟಿನ ಕೆಳಗಿನ ಚೀಲ ಎಳೆದು, ಅದರೊಳಗಿಂದ ಪೇಪರಿನಲ್ಲಿ ಸುತ್ತಿದ ಕೊಬ್ಬರಿ ಮಿಠಾಯಿಯ ನಾಲ್ಕು ತುಂಡು ತೆಗೆದು ನನ್ನ ಕೈಗಿಟ್ಟರು. "ಬೇಜಾರಾಗ್ಬೇಡಿ, ದೊಡ್ಡಣ್ಣ ಎಲ್ಲರಿಗೂ ಸೇರಿದವ್ರು" ಅಂದರು. ಬಾಗಿಲವರೆಗೆ ಹೋಗಿ ತಿರುಗಿ, "ಹುಟ್ಟಿದ್ದು ಮಾತ್ರ ನಮ್ಮಲ್ಲಿ" ಅಂತ ಕೂಗಿ ಇಳಿದರು. ನಾನು ಅವರ ಕಾಲಿನ ಬಗ್ಗೆ, ಮೊಬೈಲ್ ಸೌಂಡಿನ ಬಗ್ಗೆ ಏನೇನು ಅಂದುಕೊಂಡಿದ್ದೆನೋ ಅದನ್ನೆಲ್ಲ ವಾಪಸ್ ತಗೊಳ್ಳಲು ಮಿಠಾಯಿ ಸಾಕಿತ್ತು. ಆ ಮಾತನ್ನು ಮರೆಯಲು ಸಾಲಲಿಲ್ಲ.

ಕಡೂರು, ಬೀರೂರು. ಹೊರಗೆ ಕತ್ತಲೆ. ಸಂಬಳ ಕೊಟ್ರಿ, ಅಷ್ಟೇ ತಾನೆ?

ಯೋಚನೆ ಮಾಡಿದರೆ, ಭದ್ರಾವತಿ ಯಾರಿಗಾದರೂ ಸಂಬಳ ಬಿಟ್ಟು ಬೇರೆ ಏನು ಕೊಟ್ಟಿತು? ಅದು ಹಾಗೆಯೇ ಆದ ಊರು. ಮೊದಲು ಬೆಂಕಿಪುರ ಅಂತ ಇತ್ತು, ಹೊಳೆ ಇತ್ತು, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇತ್ತು. ವಿಶ್ವೇಶ್ವರಯ್ಯನವರ ಯೋಜನೆಯ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಶುರುವಾಯಿತು. ಕೆಮ್ಮಣ್ಣುಗುಂಡಿಯಿಂದ ಅದಿರು ಬಂತು, ಸುತ್ತಲಿನ ಕಾಡಿನಿಂದ ಇದ್ದಿಲು ಬಂತು. 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಜನ ಬಂದಿದ್ದು ಇವಕ್ಕೆಲ್ಲ. ನಮ್ಮ ಕ್ಲಾಸಿನ ಹಾಜರಿ ಪುಸ್ತಕ ತೆಗೆದರೆ ತಮಿಳು, ತೆಲುಗು, ಮಲಯಾಳ, ಉರ್ದು ಮನೆಮಾತಿನವರು ಅರ್ಧಕ್ಕರ್ಧ. 'ನಿಮ್ಮದು ಯಾವೂರು' ಅಂತ ಕೇಳಿದರೆ ಭದ್ರಾವತಿಯಲ್ಲಿ ಯಾರೂ ಭದ್ರಾವತಿ ಅನ್ನುತ್ತಿರಲಿಲ್ಲ. ನಮ್ಮದು ಸೇಲಂ ಹತ್ರ, ನಮ್ಮದು ಚಿತ್ತೂರು ಕಡೆ, ನಮ್ಮದು ಚನ್ನಗಿರಿ ಪಕ್ಕ. ನನ್ನ ಅಪ್ಪನೂ ಬಂದಿದ್ದು ಕಡೂರು ಕಡೆಯ ಒಂದು ಹಳ್ಳಿಯಿಂದ, ಒಂದು ಟ್ರಂಕು ಹಿಡಿದು.

ಯಜಮಾನರ ಲೆಕ್ಕ ಹಿಡಿದರೆ ಭದ್ರಾವತಿಗೆ ಜನರೇ ಇಲ್ಲ. ಬಂದವರು ಬೇರೆ ಊರಿನವರು. ಹುಟ್ಟಿದವರು ಹೋಗಿಬಿಟ್ಟರು. ನಾರಾಯಣ್ ಹೋದರು, ಆಶಾ ಭಟ್ ಹೋದರು, ನಾನೂ ಹೋದೆ. ನನ್ನ ಹೋಗುವಿಕೆ ಯಾವ ಪೇಪರಿನಲ್ಲೂ ಬರಲಿಲ್ಲ, ಅದೊಂದೇ ವ್ಯತ್ಯಾಸ. ಆಶಾ ಭಟ್ ಗೆದ್ದಾಗ ಅಮ್ಮ ಫೋನು ಮಾಡಿ, "ನಮ್ಮೂರ ಹುಡುಗಿ ಕಣೋ, ಅವಳೂ ಇಂಜಿನಿಯರಿಂಗಂತೆ" ಅಂದಿದ್ದಳು. ಆ 'ಅವಳೂ' ಇನ್ನೂ ಚುಚ್ಚುತ್ತದೆ. ಮುಂದೆ ಅದೇ ಹುಡುಗಿ ಹಿಂದಿಗೆ ಹೋಗಿದ್ದು ಜಂಗ್ಲಿ ಅನ್ನುವ ಆನೆಗಳ ಸಿನಿಮಾದಿಂದ. ಸಕ್ರೆಬೈಲಿನ ಆನೆ ನೋಡಿ ಬೆಳೆಯುವ ನಮ್ಮ ಕಡೆಯವರಿಗೆ ಇದು ಎಷ್ಟು ಸರಿಯಾಗಿ ಕೂತಿತು ಅಂತ ನಾನು ಯಾರಿಗೋ ಹೇಳಿದ್ದೆ. ಆ ಯಾರೋ ಕೂಡ "ಓ ಶಿವಮೊಗ್ಗ" ಅಂದಿದ್ದರು.

ಇನ್ನೊಂದು ನಿಜ ಹೇಳಿಬಿಡುತ್ತೇನೆ. ಬೆಂಗಳೂರಿನ ಆಫೀಸಿನಲ್ಲಿ ಹೊರರಾಜ್ಯದವರು ಊರು ಕೇಳಿದರೆ ನಾನು ಹೇಳುವುದು 'ಶಿವಮೊಗ್ಗ ಹತ್ರ' ಅಂತಲೇ. ರೈಲಿನಲ್ಲಿ ಆ ಪಾಟಿ ರೋಷ ಯಾಕೆ ಬಂತು ಅಂತ ತರೀಕೆರೆ ದಾಟುವಾಗ ನನಗೇ ನಾಚಿಕೆ ಆಯಿತು.

ಮನೆ ತಲುಪಿದಾಗ ಅಪ್ಪ ಎದ್ದಿದ್ದರು. ಮಿಠಾಯಿ ಕೈಗಿಟ್ಟು ಕೇಳಿದೆ. "ಅಪ್ಪ, ದೊಡ್ಡಣ್ಣ ನಮ್ಮೂರೋರಾ, ಅರಸೀಕೆರೆಯವ್ರಾ?"

"ನನ್ನ ಡಿಪಾರ್ಟ್‌ಮೆಂಟ್ ಅಲ್ಲ" ಅಂದರು ಅಪ್ಪ.

ಊರಿನಲ್ಲಿ ಹೀಗೆ ಹೇಳುವ ಒಬ್ಬರೇ ಒಬ್ಬ ರಿಟೈರ್ಡ್ ಕಾರ್ಮಿಕರು ನನ್ನ ಅಪ್ಪನೇ ಇರಬೇಕು. ಸುಳ್ಳು ಹೇಳಲು ಬರುವುದಿಲ್ಲ ಅನ್ನುವುದೇ ಅವರ ದೊಡ್ಡ ತೊಂದರೆ. ರೈಲಿನ ಕತೆ ಪೂರ್ತಿ ಹೇಳಿದೆ. ಸಂಬಳದ ಮಾತು ಬಂದಾಗ ಮಿಠಾಯಿ ಅಗಿಯುವುದನ್ನು ನಿಲ್ಲಿಸಿದರು.

"ಸಂಬಳ ಅಂದ್ರೆ ಕಮ್ಮಿನಾ?"

ಆಮೇಲೆ ತಮ್ಮ ಸೆಕ್ಷನ್ನಿನವರೊಬ್ಬರ ವಿಷಯ ತೆಗೆದರು. ಆತ ಶಕುನಿ ಪಾತ್ರ ಮಾಡುತ್ತಿದ್ದನಂತೆ. ನಾಟಕ ಇದ್ದ ರಾತ್ರಿ ಆತನ ನೈಟ್ ಶಿಫ್ಟನ್ನು ಅಪ್ಪ ಮಾಡೋದು, ಅಪ್ಪನ ಫಸ್ಟ್ ಶಿಫ್ಟನ್ನು ಆತ ಮಾಡೋದು. ನಾಟಕ ಮುಗಿಯುವಷ್ಟರಲ್ಲಿ ಬೆಳಗಿನ ಜಾವ. ಮುಖ ತೊಳೆದುಕೊಂಡು ನೇರ ಗೇಟಿಗೆ ಬರುತ್ತಿದ್ದನಂತೆ. "ಕಿವಿ ಹಿಂದೆ ಬಣ್ಣ ಹಂಗೇ ಇರ್ತಿತ್ತು. ಕೆಂಪು ಬಣ್ಣ. ಕುಲುಮೆ ಹತ್ರ ನಿಂತು ಬೆವರಿದಾಗ ಕಾಲರ್‌ಗೆ ಇಳೀತಿತ್ತು. ಹೊಸಬರು ಗಾಯ ಆಯ್ತು ಅಂತ ಹೆದರ್ಕೊಳ್ಳೋರು."

"ಅವರು ಯಾಕೆ ಸಿನಿಮಾಕ್ಕೆ ಹೋಗ್ಲಿಲ್ಲ?"

"ಯಾಕೆ ಹೋಗ್ತಾನೆ? ಕೆಲಸ ಪರ್ಮನೆಂಟ್ ಆಗಿತ್ತಲ್ಲ."

ಅಪ್ಪ ಅದನ್ನು ಹೇಳಿದ್ದು ದುಃಖದಿಂದಲೂ ಅಲ್ಲ, ಹೆಮ್ಮೆಯಿಂದಲೂ ಅಲ್ಲ. ಇವತ್ತು ಬಿಸಿಲು ಜಾಸ್ತಿ ಅನ್ನುವ ಹಾಗೆ. ಪರ್ಮನೆಂಟ್ ಅನ್ನುವ ಪದಕ್ಕೆ ನಮ್ಮೂರಿನಲ್ಲಿ ಇದ್ದ ತೂಕ ಬೇರೆಯವರಿಗೆ ಹೇಳಿದರೆ ಗೊತ್ತಾಗುವುದಿಲ್ಲ. ಹುಡುಗ ಪರ್ಮನೆಂಟಾ ಅಂತ ಕೇಳಿ ಹೆಣ್ಣು ಕೊಡುತ್ತಿದ್ದರು. ಅಂಥ ಕೆಲಸ ಬಿಟ್ಟು ಬಣ್ಣ ಹಚ್ಚಲು ಹೋದ ಒಬ್ಬರನ್ನು ಊರು ಮರೆಯುವುದಾದರೂ ಹೇಗೆ? ಅವರು ಹೋಗಿದ್ದಕ್ಕೇ ನಮ್ಮವರಾದರು ಅನ್ನಿಸುತ್ತದೆ ಒಂದೊಂದು ಸಲ. ಹೋಗದ ಶಕುನಿಗಳು ಎಷ್ಟು ಜನವೋ. ಅವರ ಊರು ಯಾವುದು ಅಂತ ಯಾವ ರೈಲಿನಲ್ಲೂ ಜಗಳ ಆಗುವುದಿಲ್ಲ.

ಶನಿವಾರ ಬೆಳಗ್ಗೆ ಅಪ್ಪನ ಜೊತೆ ವಾಕಿಂಗ್ ಹೋದೆ. ಕಾಗದದ ಕಾರ್ಖಾನೆ ನಿಂತು ವರ್ಷಗಳೇ ಆದವು. ಕಬ್ಬಿಣದ್ದನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಬಂತು, ನೂರು ವರ್ಷ ತುಂಬಿದ ತಿಂಗಳಲ್ಲೇ. ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕೂತರು, ಅದೇ ವರ್ಷ ಒಂದು ಮಿಲ್ಲು ಮತ್ತೆ ತಿರುಗಿತು. ಭೇಟಿ, ಭರವಸೆ ನಡೆಯುತ್ತಲೇ ಇವೆ. ಕ್ವಾರ್ಟರ್ಸ್ ಸಾಲಿನಲ್ಲಿ ಹೆಂಚು ಕಳೆದುಕೊಂಡ ಮನೆಗಳು, ಒಳಗಿಂದ ಎದ್ದ ಗಿಡ. ಅಪ್ಪ ಪ್ರತಿ ಮನೆ ಮುಂದೆಯೂ ನಿಂತು ಇಲ್ಲಿ ಇಂಥವನಿದ್ದ ಅನ್ನುತ್ತಾರೆ. ಹೆಸರಿನ ಹಿಂದೆಯೇ ಡಿಪಾರ್ಟ್‌ಮೆಂಟು. ಅದು ಇನಿಶಿಯಲ್ ಇದ್ದ ಹಾಗೆ.

ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಯಾವುದೋ ಹಳೇ ಸಿನಿಮಾ. ದೊಡ್ಡಣ್ಣ ಬಾಗಿಲು ತೆಗೆದು ಒಳಗೆ ಬಂದರು, ಬಂದವರೇ ಗದರಿದರು. ನನಗೆ ಥಟ್ಟನೆ ಹೊಳೆಯಿತು. ಆ ದನಿ! ಚಿಕ್ಕವನಿದ್ದಾಗ ಎಲ್ಲ ಅಪ್ಪಂದಿರೂ ಹೀಗೆಯೇ ಕೂಗಿ ಮಾತಾಡುತ್ತಾರೆ ಅಂದುಕೊಂಡಿದ್ದೆ. ನಮ್ಮ ಬೀದಿಯಲ್ಲಿ ಹಾಗೇ ಇತ್ತು. ಮೆಷಿನ್ ಸದ್ದಿನ ಮಧ್ಯೆ ಎಂಟು ಗಂಟೆ ಕೂಗಿ ಕೂಗಿ, ಮನೆಗೆ ಬಂದು ಉಪ್ಪು ಕೇಳುವಾಗಲೂ ಅದೇ ದನಿ. ಬೇರೆ ಊರಿನಿಂದ ಬಂದ ನೆಂಟರು ಜಗಳ ಆಗುತ್ತಿದೆ ಅಂದುಕೊಳ್ಳುತ್ತಿದ್ದರು.

ಸಂಬಳ ಅಷ್ಟೇ ಅಲ್ಲ, ದನಿಯೂ ನಮ್ಮದೇ! ಯಜಮಾನರ ಫೋನ್ ನಂಬರ್ ತಗೊಳ್ಳಬೇಕಿತ್ತು. ಖುಷಿಯಿಂದ ಅಪ್ಪನಿಗೆ ಹೇಳಿದೆ. "ಅಪ್ಪ, ಆ ದನಿ ನೋಡಿ. ಅದು ಕಾರ್ಖಾನೆ ದನಿ ಅಲ್ವಾ?"

ಅಪ್ಪ ಸ್ವಲ್ಪ ಹೊತ್ತು ಕೇಳಿದರು. ಇನ್ನೊಂದು ಸಲ ದೊಡ್ಡಣ್ಣ ಗುಡುಗಿದರು.

"ಇಲ್ಲಪ್ಪ" ಅಂದರು. "ಹುಟ್ಟಿದಾಗಿಂದ ಇದ್ದಿದ್ದೇ ಇರಬೇಕು ಅದು. ಅರಸೀಕೆರೆ ನೀರು."

ಅಂದು, ಸರಿಯಾಗಿ ಕೇಳಿಸುತ್ತಿಲ್ಲ ಅಂತ ರಿಮೋಟ್ ಇಸಿದುಕೊಂಡು ಸೌಂಡು ಇನ್ನೂ ನಾಲ್ಕು ಕಡ್ಡಿ ಏರಿಸಿದರು.