ನಾನು ಬೈಕಿನ್‌ಮಾನ್ ಕಡೆಯವಳು

ನಮ್ಮ ಮನೆಯಲ್ಲಿ ಖಳನ ಪಕ್ಷ ನನ್ನದು. ಗಂಡ ನಾಯಕನ ಕಡೆ. ಮಗಳು ಹಸಿವಾದಾಗ ನಾಯಕನ ಕಡೆ, ಹೊಟ್ಟೆ ತುಂಬಿದ ಮೇಲೆ ನನ್ನ ಕಡೆ. ಜಗಳ ಕ್ರಿಕೆಟ್ಟಿನದೂ ಅಲ್ಲ, ರಾಜಕೀಯದ್ದೂ ಅಲ್ಲ. 1988ರ ಅಕ್ಟೋಬರ್‌ನಲ್ಲಿ ಜಪಾನಿನ ಟೀವಿಯಲ್ಲಿ ಶುರುವಾಗಿ ಇವತ್ತಿಗೂ ನಿಲ್ಲದೆ ಬರುತ್ತಿರುವ ‘ಸೊರೆಯಿಕೆ! ಅನ್ಪಾನ್‌ಮಾನ್’ ಎಂಬ ಅನಿಮೆಯದ್ದು, ಅಂದರೆ ಜಪಾನೀ ಕಾರ್ಟೂನ್ ಸರಣಿಯದ್ದು.

ಜಪಾನಿನ ಅನಿಮೆ ಎಂದರೆ ನಮ್ಮ ಊರಿನ ಕಡೆ ಡ್ರ್ಯಾಗನ್ ಬಾಲ್, ನರುಟೊ, ಒನ್ ಪೀಸ್ ಅನ್ನುತ್ತಾರೆ. ಕೂದಲು ನೆಟ್ಟಗೆ ನಿಲ್ಲಿಸಿಕೊಂಡು ಅರ್ಧ ಗಂಟೆ ಕಿರುಚುವವರು. ನಾವಿರುವ ಜಪಾನಿನಲ್ಲಿ ಮಕ್ಕಳಿರುವ ಮನೆಗೆ ಅವರೆಲ್ಲರಿಗಿಂತ ಮೊದಲು ನುಗ್ಗುವವನು ಈ ದುಂಡು ಮುಖದವನು. ಡೈಪರ್ ಮೇಲೆ ಅವನು, ಹಲ್ಲುಜ್ಜುವ ಬ್ರಷ್ ಮೇಲೆ ಅವನು, ಮಕ್ಕಳ ಖಾರವಿಲ್ಲದ ಕರ್ರಿ ಪೊಟ್ಟಣದ ಮೇಲೂ ಅವನೇ. ಟೋಕಿಯೊದ ನಿಶಿ ಕಸಾಯಿಯಲ್ಲಿ ನಮ್ಮ ದೇಶದವರು ಬೇಕಾದಷ್ಟಿದ್ದಾರೆ. ತೆಲುಗಿನವರ ಮಗುವಾಗಲಿ, ಗುಜರಾತಿಯವರ ಮಗುವಾಗಲಿ, ಹೊಯಿಕುಯೆನ್‌ಗೆ (ಅಂದರೆ ಶಿಶುವಿಹಾರಕ್ಕೆ) ಹಾಕಿದ ಕೆಲವೇ ವಾರಗಳಲ್ಲಿ ಅಪ್ಪ ಅಮ್ಮನ ಜೊತೆಗೆ ಈ ಹೆಸರನ್ನೂ ಕಲಿತುಬಿಡುತ್ತದೆ.

ಕತೆ ಗೊತ್ತಿಲ್ಲದವರಿಗೆ: ಅನ್ಪಾನ್ ಎಂದರೆ ಕೆಂಪು ಅಜುಕಿ ಕಾಳನ್ನು ಬೇಯಿಸಿ, ಸಕ್ಕರೆ ಹಾಕಿ ಅರೆದ ಹೂರಣ ತುಂಬಿದ ಬನ್ನು. ನಾಯಕನ ತಲೆ ಪೂರ್ತಿ ಆ ಬನ್ನೇ. ದಾರಿಯಲ್ಲಿ ಹಸಿದವರು ಕಂಡರೆ ತನ್ನ ಮುಖದ ಒಂದು ಚೂರು ಮುರಿದು ಕೊಡುತ್ತಾನೆ. ಮುಖಕ್ಕೆ ನೀರು ಬಿದ್ದರೆ, ಕೊಳೆ ಮೆತ್ತಿದರೆ ಶಕ್ತಿ ಹೋಯಿತು. ಆಗ ಜಾಮ್ ಓಜಿಸಾನ್ ಎಂಬ ಬೇಕರಿ ಮುದುಕ ಹೊಸ ಮುಖ ಸುಡುತ್ತಾನೆ, ಬಾತಕೊ ಅದನ್ನು ಗುರಿಯಿಟ್ಟು ಎಸೆಯುತ್ತಾಳೆ, ಹಳೆಯ ತಲೆ ಹಾರಿ ಹೊಸದು ಕೂರುತ್ತದೆ, “ಶಕ್ತಿ ನೂರು ಪಾಲು!” ಎಂದು ಕೂಗಿ ಒಂದು ಗುದ್ದು. ಗುದ್ದು ತಿಂದವನು ಆಕಾಶದಲ್ಲಿ ಚುಕ್ಕಿಯಾಗಿ ಮಾಯ. ಅವನೇ ಬೈಕಿನ್‌ಮಾನ್. ಕಪ್ಪು ಮೈ, ನೇರಳೆ ಮೂಗು, ತಲೆಯ ಮೇಲೆರಡು ಕೊಂಬು. ಹುಟ್ಟಿನಲ್ಲಿ ರೋಗಾಣು, ವೃತ್ತಿಯಲ್ಲಿ ತಂಟೆಕೋರ. ಪ್ರತಿ ವಾರ ಎರಡು ಕತೆ, ಎರಡರಲ್ಲೂ ಹೆಚ್ಚುಕಡಿಮೆ ಇದೇ.

ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದಾಗ ಮೊಮ್ಮಗಳ ಪಕ್ಕ ಕೂತು ಮೊದಲ ಸಲ ನೋಡಿದರು. ಆ ಮುಖ ಮುರಿದುಕೊಡುವ ಜಾಗಕ್ಕೆ ಬಂದಾಗ, “ಅಯ್ಯೋ, ಇದೆಂಥದೇ ಇದು! ತಲೆ ಕಿತ್ತು ತಿನ್ನೋಕೆ ಕೊಡ್ತಾನಲ್ಲ. ಎಂಜಲಾಗಲ್ವಾ?” ಅಂದರು.

“ಕೊಟ್ಟವನು ತಿಂದಿಲ್ಲವಲ್ಲಮ್ಮ, ಎಂಜಲು ಹೆಂಗಾಗತ್ತೆ?”

“ಆದ್ರೂ ಮುಖ!” ಅಂದು ಸುಮ್ಮನಾದರು. ಸುಮ್ಮನಾದರು ಅಂದೆನಲ್ಲ, ಆಮೇಲೆ ದಿನಾ ಸಂಜೆ ಟೀವಿ ಹಾಕಲು ಮೊಮ್ಮಗಳಿಗಿಂತ ಮೊದಲು ನೆನಪಿಸುತ್ತಿದ್ದವರು ಅವರೇ. ಹೊಸ ಸಂಚಿಕೆ ಬರುವುದು ಶುಕ್ರವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಮಕ್ಕಳೆಲ್ಲ ಹೊಯಿಕುಯೆನ್‌ನಲ್ಲಿರುವ ಹೊತ್ತು! ಹಾಗಾಗಿ ರೆಕಾರ್ಡ್ ಮಾಡಿಟ್ಟುಕೊಂಡು ವಾರವೆಲ್ಲ ಅದನ್ನೇ ತಿರುಗಿಸಿ ಮುರುಗಿಸಿ ನೋಡುವುದು.

ಎಂಜಲಿನ ಪ್ರಶ್ನೆ ಅಮ್ಮನಿಗೆ ಮಾತ್ರ ಬಂದದ್ದಲ್ಲ. 1973ರಲ್ಲಿ ಫ್ರೇಬೆಲ್‌ಕಾನ್ ಎಂಬ ಪ್ರಕಾಶನದಿಂದ ಮೊದಲ ಚಿತ್ರಪುಸ್ತಕ ಬಂದಾಗ ದೊಡ್ಡವರು ಮೂಗು ಮುರಿದಿದ್ದರು. ತನ್ನ ಮುಖ ತಿನ್ನಿಸುವ ನಾಯಕ ಮಕ್ಕಳಿಗೆ ತಕ್ಕುದಲ್ಲ, ಕ್ರೂರ ಅಂತ. ಆ ಪುಸ್ತಕದಲ್ಲಿ ಬೈಕಿನ್‌ಮಾನ್ ಇಲ್ಲವೇ ಇಲ್ಲ, ಗುದ್ದಾಟವೂ ಇಲ್ಲ. ತೇಪೆ ಹಾಕಿದ ಮಾಸಲು ಮೇಲುವಸ್ತ್ರದ ಅನ್ಪಾನ್‌ಮಾನ್ ಮರುಭೂಮಿಯಲ್ಲಿ ಹಸಿದು ಬಿದ್ದವನಿಗೆ ಮುಖ ಕೊಡುತ್ತಾನೆ, ಕಾಡಿನಲ್ಲಿ ದಾರಿ ತಪ್ಪಿದ ಮಗುವಿಗೆ ಉಳಿದದ್ದನ್ನೂ ಕೊಡುತ್ತಾನೆ, ತಲೆಯೇ ಇಲ್ಲದೆ ಹಾರುತ್ತಾನೆ. ಅಷ್ಟೇ ಕತೆ. ದೊಡ್ಡವರು ಬೈಯುತ್ತಿರಲಿ, ಶಿಶುವಿಹಾರದ ಕಪಾಟುಗಳಲ್ಲಿ ಮಕ್ಕಳು ಆ ಪುಸ್ತಕವನ್ನೇ ಎಳೆದೆಳೆದು ಹಾಳೆ ಹರಿಯುವವರೆಗೆ ನೋಡಿದರು.

ಬರೆದವರು ತಕಾಶಿ ಯಾನಾಸೆ. 1919ರಲ್ಲಿ ಹುಟ್ಟಿ, ಶಿಕೊಕು ದ್ವೀಪದ ಕೊಚಿಯಲ್ಲಿ ಬೆಳೆದವರು. ಯುದ್ಧದಲ್ಲಿ ಸೈನ್ಯಕ್ಕೆ ಎಳೆದೊಯ್ದು ಚೀನಾಕ್ಕೆ ಕಳಿಸಿದರು. ನೌಕಾಪಡೆ ಸೇರಿದ್ದ ತಮ್ಮ ಚಿಹಿರೊ ಹಿಂತಿರುಗಲೇ ಇಲ್ಲ. ಗುಂಡಿಗಿಂತ, ನಡೆದು ಸುಸ್ತಾಗುವುದಕ್ಕಿಂತ, ಹಸಿವೇ ಅತಿ ಘೋರ ಎಂದು ಯಾನಾಸೆ ಮುಂದೆ ಸಾಯುವವರೆಗೂ ಹೇಳುತ್ತಿದ್ದರು. ಇನ್ನೊಂದು ಮಾತನ್ನೂ ಹೇಳುತ್ತಿದ್ದರು: ನ್ಯಾಯದ ಯುದ್ಧ ಎಂದು ನಂಬಿಸಿ ಕರೆದೊಯ್ದರು, ಸೋತ ಮರುದಿನ ಅದೇ ಅನ್ಯಾಯವಾಯಿತು, ಹೀಗೆ ಮಗುಚಿಕೊಳ್ಳದ ನ್ಯಾಯ ಯಾವುದಾದರೂ ಇದ್ದರೆ ಅದು ಹಸಿದವನಿಗೆ ಊಟ ಕೊಡುವುದು ಮಾತ್ರ. ಶತ್ರುವನ್ನು ಹೊಡೆದು ಊರು ಹಾಳು ಮಾಡಿ, ಕ್ಷಮೆಯನ್ನೂ ಕೇಳದೆ ಹಾರಿಹೋಗುವ ವೀರರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇಷ್ಟು ತಿಳಿದ ಮೇಲೆ ಆ ಬನ್ನಿನ ತಲೆ ನನಗೆ ತಮಾಷೆಯಾಗಿ ಕಾಣುವುದು ನಿಂತಿತು.

ಅವರಿಗೆ ಹೆಸರು ಬಂದದ್ದು ತಡವಾಗಿ. ಅದಕ್ಕೆ ಮುಂಚೆ ಮಿತ್ಸುಕೋಶಿ ಅಂಗಡಿಯಲ್ಲಿ ನೌಕರಿ. ಅಲ್ಲಿ ಸಾಮಾನು ಸುತ್ತಿಕೊಡುವ ಬಿಳಿ-ಕೆಂಪು ಕಾಗದದ ಮೇಲಿರುವ ಅಂಗಡಿಯ ಹೆಸರು ಅವರದೇ ಕೈಬರಹ. ಹಾಡು ಬರೆದರು, ವ್ಯಂಗ್ಯಚಿತ್ರ ಬರೆದರು, ರಂಗಸಜ್ಜಿಕೆ ಮಾಡಿದರು. ಪುಸ್ತಕ ಬಂದಾಗ ವಯಸ್ಸು ಐವತ್ತು ದಾಟಿತ್ತು, ಟೀವಿಗೆ ಬಂದಾಗ ಅರವತ್ತೊಂಬತ್ತು. ಶೀರ್ಷಿಕೆ ಹಾಡಿನ ಸಾಹಿತ್ಯವೂ ಅವರದೇ. ಯಾತಕ್ಕೆ ಹುಟ್ಟಿದೆ, ಏನು ಮಾಡಿ ಬದುಕಬೇಕು ಅಂತ ಡೈಪರ್ ಹಾಕಿದ ಮಕ್ಕಳನ್ನು ಕೇಳುವ ಹಾಡು! 2011ರ ಭೂಕಂಪ, ಸುನಾಮಿ ಆದಾಗ ರೇಡಿಯೊಗಳಿಗೆ ಈ ಹಾಡು ಹಾಕಿ ಅಂತ ಕೋರಿಕೆಗಳು ಬಂದವು. 2013ರಲ್ಲಿ, ತೊಂಬತ್ನಾಲ್ಕರ ವಯಸ್ಸಿನಲ್ಲಿ ಅವರು ತೀರಿಕೊಂಡರು. 2025ರಲ್ಲಿ ಅವರ ಮತ್ತು ಹೆಂಡತಿಯ ಬದುಕನ್ನು ಆಧರಿಸಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಬೆಳಗಿನ ಧಾರಾವಾಹಿಯನ್ನೇ ಮಾಡಿತು.

ಸರಿ, ಈಗ ನನ್ನ ಪಕ್ಷದ ವಿಷಯಕ್ಕೆ ಬರುತ್ತೇನೆ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಬೇರೆಯವರು ಕಟ್ಟಿದ್ದು ಎಲ್ಲಿ ಬೀಳುತ್ತದೆ ಅಂತ ನೋಡುವುದೇ ಹೊಟ್ಟೆಪಾಡು. ಆ ಕಣ್ಣಿಂದ ನೋಡಿದರೆ ಇಡೀ ಸರಣಿಯಲ್ಲಿ ನಿಯತ್ತಾಗಿ ದುಡಿಯುವವನು ಬೈಕಿನ್‌ಮಾನ್ ಒಬ್ಬನೇ. ಪ್ರತಿ ವಾರ ಹೊಸ ಯಂತ್ರ. ಹೀರುವ ಯಂತ್ರ, ನೀರು ಚಿಮ್ಮುವ ಯಂತ್ರ, ದಾದಾಂದಾನ್ ಎಂಬ ದೈತ್ಯ ರೋಬೋ. ಯೋಚಿಸುವವನು ಅವನೇ, ಬೆಸೆಯುವವನು ಅವನೇ, ಓಡಿಸುವವನೂ ಅವನೇ. ಜೊತೆಗಿರುವ ದೊಕಿನ್‌ಚಾನ್ ಸೋಫಾದಲ್ಲಿ ಕೂತು ಅದು ತಾ, ಇದು ತಾ ಅನ್ನುತ್ತಾಳೆ; ಅವಳ ಮನಸ್ಸೋ ಎದುರಾಳಿ ಪಾಳೆಯದ ಶೊಕುಪಾನ್‌ಮಾನ್ ಮೇಲೆ. ಅಷ್ಟೆಲ್ಲ ಮಾಡಿ ಕೊನೆಗೆ ಗುದ್ದು ತಿಂದು ಹಾರಿಹೋಗಿ, ಮುಂದಿನ ವಾರ ಮೂಗು ಒರೆಸಿಕೊಂಡು ಹೊಸ ನಕ್ಷೆಯೊಂದಿಗೆ ಹಾಜರ್. ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಒಂದೇ ಒಂದು ಯೋಜನೆ ಪೂರ್ತಿ ಗೆದ್ದಿಲ್ಲ, ಒಂದು ವಾರವೂ ರಜೆ ಹಾಕಿಲ್ಲ. ಇಂಥವನು ನನ್ನ ತಂಡದಲ್ಲಿದ್ದರೆ ನಾನು ಬಿಟ್ಟುಕೊಡುತ್ತಿರಲಿಲ್ಲ.

ಎದುರು ಪಕ್ಷದವನು? ಮುಖ ಕೆಟ್ಟರೆ ಸುಟ್ಟುಕೊಡಲು ಒಬ್ಬ, ಎಸೆಯಲು ಒಬ್ಬಳು, ಬೊಗಳಲು ಚೀಸ್ ಎಂಬ ನಾಯಿ. ಜೊತೆಗೆ ಬಾಯಿಂದ ಕರ್ರಿ ಉಗುಳುವ ಕರೆಪಾನ್‌ಮಾನ್. ಪಾತ್ರಗಳ ಸಂಖ್ಯೆಯಲ್ಲಿ 2009ರಲ್ಲಿ ಇದಕ್ಕೆ ಗಿನ್ನೆಸ್ ದಾಖಲೆ ಸಿಕ್ಕಿತು, 1,768 ಪಾತ್ರ! ಅದರಲ್ಲಿ ಬಹುಪಾಲು ಅನ್ಪಾನ್‌ಮಾನ್ ಕಡೆಯವರೇ. ಇದಕ್ಕೆ ಸಮಬಲದ ಹೋರಾಟ ಅನ್ನುತ್ತಾರಾ?

ಗಂಡ ಹಾಸನದಲ್ಲಿ ಕಾರ್ಟೂನ್ ನೆಟ್‌ವರ್ಕ್ ಮುಂದೆ ಕೂತು ಡ್ರ್ಯಾಗನ್ ಬಾಲ್ ಝಡ್ ನೋಡಿ ಬೆಳೆದವರು. ಬನ್ನಿನ ಕತೆ ಎಂದು ಮೊದಮೊದಲು ನಗುತ್ತಿದ್ದರು. ಬೈಕಿನ್‌ಮಾನ್‌ಗೆ ದನಿ ಕೊಡುವ ರ್ಯೂಸೆಯಿ ನಾಕಾವೊ ಅವರೇ ಜಪಾನೀ ಡ್ರ್ಯಾಗನ್ ಬಾಲ್‌ನಲ್ಲಿ ಫ್ರೀಜಾನ ದನಿ ಎಂದು ತೋರಿಸಿದ ದಿನ ಅವರ ಮುಖ ನೋಡಬೇಕಿತ್ತು. ಗ್ರಹಗಳನ್ನೇ ಸ್ಫೋಟಿಸುವ ಫ್ರೀಜಾ! ಇನ್ನೂ ಇದೆ: ದೊಕಿನ್‌ಚಾನ್‌ಗೆ 2017ರಲ್ಲಿ ತೀರಿಕೊಳ್ಳುವವರೆಗೂ ದನಿ ಕೊಟ್ಟವರು ಹಿರೋಮಿ ತ್ಸುರು, ಅಂದರೆ ಅದೇ ಡ್ರ್ಯಾಗನ್ ಬಾಲ್‌ನ ಬುಲ್ಮಾ ಎಂಬ ಹುಡುಗಿಯ ದನಿ. ಬುಲ್ಮಾ ಸೋಫಾದಲ್ಲಿ ಕೂತು ಫ್ರೀಜಾನಿಗೆ ತಿಂಡಿ ತರಲು ಹೇಳುತ್ತಿದ್ದ ಮನೆ ಅದು. ಆದರೂ ಗಂಡ ಪಕ್ಷ ಬದಲಿಸಲಿಲ್ಲ, “ದನಿ ಯಾರದಾದರೇನು, ಊಟ ಕದಿಯುವವನು ಕಳ್ಳನೇ” ಅನ್ನುತ್ತಾರೆ.

ಅಮ್ಮ ಮಾತ್ರ ನನ್ನ ಕಡೆಗೆ ವಾಲಿದರು. ರಾತ್ರಿಯಿಡೀ ಯಕ್ಷಗಾನ ನೋಡಿದ ಕಣ್ಣು ಅವರದು. “ಬಣ್ಣದ ವೇಷ ಬರ್ದೇ ಇದ್ರೆ ಆಟಕ್ಕೆ ಎಂಥ ಕಳೆ? ರಾಜವೇಷ ಕುಣೀತಾ ಇರೋವಾಗ ನಾವು ಚಾ ಕುಡಿಯೋಕೆ ಹೋಗ್ತಿದ್ವಿ. ರಾಕ್ಷಸನ ಒಡ್ಡೋಲಗ ಅಂದ್ರೆ ಮಲಗಿದ್ ಮಕ್ಕಳನ್ನೂ ಎಬ್ಬಿಸಿ ಕೂರಿಸ್ತಿದ್ವಿ,” ಅಂದರು. ಬೈಕಿನ್‌ಮಾನ್ ತನ್ನ ಹಾರುತಟ್ಟೆಯಲ್ಲಿ ‘ಹಾ ಹಿ ಫು ಹೆ ಹೋ’ ಎಂದು ಕೂಗುತ್ತ ಬಂದರೆ ಸಾಕು, ಅಜ್ಜಿ ಮೊಮ್ಮಗಳು ಇಬ್ಬರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಬೈಕಿನ್‌ಮಾನ್‌ನನ್ನು ಯಾನಾಸೆ ಯಾಕೆ ಕೊಲ್ಲಿಸಲಿಲ್ಲ ಎನ್ನುವುದಕ್ಕೆ ಒಳ್ಳೆಯ ಕಾರಣವಿದೆ. ಬ್ರೆಡ್ಡಿನ ಹಿಟ್ಟು ಉಬ್ಬಬೇಕಾದರೆ ಯೀಸ್ಟ್ ಬೇಕು, ಯೀಸ್ಟೂ ಒಂದು ಸೂಕ್ಷ್ಮಜೀವಿಯೇ. ಆ ಕುಲವಿಲ್ಲದೆ ನಾಯಕನ ತಲೆಯೇ ಇಲ್ಲ. ನಮ್ಮ ಮೈಯೊಳಗೂ ಒಳ್ಳೆಯವು ಕೆಟ್ಟವು ಎರಡೂ ಜಟಾಪಟಿ ಮಾಡುತ್ತಲೇ ಇದ್ದರೆ ಆರೋಗ್ಯ ಎಂಬುದು ಅವರ ಲೆಕ್ಕ. ನಿಜವಾದ ಅನ್ಪಾನ್‌ನ ಚರಿತ್ರೆ ತೆಗೆದರೆ ಈ ಮಾತು ಇನ್ನೂ ಗಟ್ಟಿ. 1874ರಲ್ಲಿ ಟೋಕಿಯೊದ ಗಿಂಜಾದ ಕಿಮುರಾಯಾ ಬೇಕರಿಯವರು ಇದನ್ನು ಮೊದಲು ಮಾಡಿದಾಗ ಹಿಟ್ಟು ಉಬ್ಬಿಸಿದ್ದು ಅಕ್ಕಿಯ ಸಾಕೆ ಮದ್ಯದ ಹುದುಗಿನಿಂದ. ಮರುವರ್ಷ ಅದು ಮೆಯಿಜಿ ಚಕ್ರವರ್ತಿಯ ತಟ್ಟೆಗೂ ಹೋಯಿತು, ನಡುವೆ ಉಪ್ಪು ಹಾಕಿದ ಸಕುರಾ ಹೂವಿಟ್ಟುಕೊಂಡು. ಚಕ್ರವರ್ತಿಗೆ ಉಣಬಡಿಸಿದ್ದರಲ್ಲಿ ನಮ್ಮವನ ಬಂಧುಬಳಗದ ಪಾಲೂ ಇದೆ ಅಂತಾಯಿತು.

ಆ ಕೊನೆಯ ಗುದ್ದಿನ ಬಗ್ಗೆ ನನಗೆ ತಕರಾರಿದೆ. ಅನ್‌ಪಾಂಚ್ ಎಂದು ಕೂಗಿ ಮಗಳು ಒಮ್ಮೆ ನನ್ನ ಕನ್ನಡಕಕ್ಕೇ ಹೊಡೆದಿದ್ದಳು. ಮಕ್ಕಳು ಇದನ್ನು ನೋಡಿ ಹೊಡೆಯಲು ಕಲಿಯುತ್ತಾರಾ ಎಂಬ ಚರ್ಚೆ ಇಲ್ಲಿನ ಅಪ್ಪ ಅಮ್ಮಂದಿರಲ್ಲೂ ಆಗಾಗ ಎದ್ದು ಮಲಗುತ್ತದೆ. ಟೀವಿ ನಿಲ್ಲಿಸುವಷ್ಟು ಅದು ದೊಡ್ಡದು ಅಂತ ನನಗನಿಸುವುದಿಲ್ಲ. ನನ್ನ ತಕರಾರು ಬೇರೆ. ಊಟ ಕೊಡುವುದೇ ನ್ಯಾಯ ಎಂದು ಹುಟ್ಟಿದ ಕತೆ, ಟೀವಿಗೆ ಬಂದ ಮೇಲೆ ಪ್ರತಿ ಸಲ ಮುಷ್ಟಿಯಲ್ಲೇ ಯಾಕೆ ಮುಗಿಯಬೇಕು? ಮುಖ ಮುರಿದುಕೊಡುವ ದೃಶ್ಯ ಇಲ್ಲದ ಸಂಚಿಕೆಗಳು ಎಷ್ಟೋ ಇವೆ, ಗುದ್ದು ಇಲ್ಲದ್ದು ಹುಡುಕಿದರೆ ಸಿಗಬಹುದು. ಬೈಕಿನ್‌ಮಾನ್‌ಗೂ ಹಸಿವಾಗುತ್ತದೆ, ಅವನು ಕದಿಯುವುದು ಬಹುತೇಕ ಊಟವನ್ನೇ. ಅವನಿಗೆ ಒಂದು ಚೂರು ಮುಖ ಕೊಟ್ಟು ನೋಡಬಾರದಾ? ಇದನ್ನು ಹೇಳಿದರೆ ಗಂಡ, “ಆಮೇಲೆ ಮುಂದಿನ ವಾರ ಏನು ತೋರಿಸ್ತಾರೆ?” ಅನ್ನುತ್ತಾರೆ. ಆ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ.

2024ರ ಬೇಸಿಗೆಯಲ್ಲಿ ಮಾತ್ರ ನನ್ನ ಪಕ್ಷಕ್ಕೆ ಹಬ್ಬ. 1989ರಿಂದ ಸರಿಸುಮಾರು ಪ್ರತಿ ವರ್ಷವೂ ಒಂದು ಸಿನಿಮಾ ಬರುತ್ತದೆ; ಆ ವರ್ಷದ್ದು ‘ಬೈಕಿನ್‌ಮಾನ್ ಮತ್ತು ಚಿತ್ರಪುಸ್ತಕದ ಲುಲುನ್’. ಹೆಸರಲ್ಲೇ ನಮ್ಮವನು! ಬೈಕಿನ್‌ಮಾನ್ ಒಂದು ಚಿತ್ರಪುಸ್ತಕದೊಳಗೆ ಸೆಳೆದುಹೋಗುತ್ತಾನೆ. ಅಲ್ಲಿ ಕಂಡಕಂಡದ್ದನ್ನೆಲ್ಲ ಸೊಂಡಿಲಿನಲ್ಲಿ ಹೀರುವ ಆನೆಯೊಂದು ಕಾಡನ್ನು ಹಾಳು ಮಾಡುತ್ತಿರುತ್ತದೆ. ಪುಕ್ಕಲು ಕಿನ್ನರಿ ಲುಲುನ್ ಇವನನ್ನೇ ವೀರ ಎಂದು ನಂಬಿ ಸಹಾಯ ಕೇಳುತ್ತಾಳೆ. ಇವನ ಹತ್ತಿರ ಕೋಟೆಯಿಲ್ಲ, ಕಬ್ಬಿಣವಿಲ್ಲ, ಹಾರುತಟ್ಟೆಯಿಲ್ಲ. ಮರ ಕಡಿದು, ಕೆತ್ತಿ, ಮರದ್ದೇ ಒಂದು ದಾದಾಂದಾನ್ ಕಟ್ಟಲು ಕೂರುತ್ತಾನೆ. ಆ ಕಟ್ಟುವ ಭಾಗವನ್ನು ನಿರ್ದೇಶಕರು ಅವಸರವಿಲ್ಲದೆ ತೋರಿಸಿದ್ದಾರೆ. ಸೋತದ್ದನ್ನು ಬಿಚ್ಚಿ ಮತ್ತೆ ಜೋಡಿಸುವುದು ಇವನಿಗೆ ಎಷ್ಟು ವರ್ಷದ ಅಭ್ಯಾಸ ಅಂತ ನನಗೆ ಅಲ್ಲೇ ಹೊಳೆದದ್ದು. ಆಮೇಲೆ, ಅದೂ ಸಾಲದು ಅಂತಾದಾಗ, ಅನ್ಪಾನ್‌ಮಾನ್‌ನನ್ನು ಕರೆದುಕೊಂಡು ಬಾ ಅಂತ ಲುಲುನ್‌ಗೆ ಹೇಳುತ್ತಾನೆ. ಅವನ ಗುದ್ದಿನ ಬಲ ಇವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ ಹೇಳಿ! ಮಗಳು ಪಾಪ್‌ಕಾರ್ನ್ ತಿನ್ನುತ್ತಿದ್ದಳು. ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ, ಪಕ್ಕದ ಸಾಲಿನ ಒಬ್ಬ ಅಪ್ಪನೂ. ಗಂಡ ಹೊರಗೆ ಬಂದು, “ಚೆನ್ನಾಗಿತ್ತು, ಆದರೆ ಕೊನೆಗೆ ಬೇಕಾದದ್ದು ಅನ್ಪಾನ್‌ಮಾನೇ ಅಲ್ವಾ,” ಅಂದರು. ರೈಲಿನಲ್ಲಿ ನಾನು ಅವರ ಜೊತೆ ಮಾತಾಡಲಿಲ್ಲ.

ಮಗಳು ಈಗ ಹೊಯಿಕುಯೆನ್‌ನಲ್ಲಿ ದೊಡ್ಡ ಮಕ್ಕಳ ತರಗತಿ. ಆ ವಯಸ್ಸಿಗೆ ಇಲ್ಲಿ ಎಲ್ಲ ಮಕ್ಕಳೂ ಅನ್ಪಾನ್‌ಮಾನ್ ಪಾಪುಗಳದ್ದು ಎಂದು ಬಿಟ್ಟುಬಿಡುತ್ತಾರೆ. ಅವಳಿಗೂ ಪ್ರಿಕ್ಯೂರ್ ಎಂಬ ಇನ್ನೊಂದು ಅನಿಮೆಯ ಹುಚ್ಚು ಹತ್ತಿದೆ. ಅದರಲ್ಲಿ ವರ್ಷಕ್ಕೊಮ್ಮೆ ನಾಯಕಿಯರೂ ಬದಲು, ಖಳರೂ ಬದಲು. ಖಳರ ಹೆಸರು ನಾಲಿಗೆಗೆ ಒಗ್ಗುವಷ್ಟರಲ್ಲಿ ವರ್ಷ ಮುಗಿದು ಹೊಸಬರು ಬಂದಿರುತ್ತಾರೆ. ಶುಕ್ರವಾರದ ರೆಕಾರ್ಡಿಂಗ್ ಮಾತ್ರ ನಾನಿನ್ನೂ ತೆಗೆದಿಲ್ಲ. ಅಮ್ಮ ವಿಡಿಯೊ ಕರೆ ಮಾಡಿದಾಗ ಈಗಲೂ ಕೇಳುತ್ತಾರೆ, “ಆ ಕೊಂಬಿನವ್ನು ಈ ವಾರ ಎಂಥ ಕಟ್ಟಿದ್ನೇ?”